ಮ್ಯಾಪ್ ಅಳಿಸಿ ಹಾಕಿದ್ಮೇಲೆ ನಮ್ಮನೆ ರೋಬೋ ಓಡಾಡಿದ್ದು

ನಡುಮನೆಲಿ ತನ್ನಷ್ಟಕ್ಕೆ ತಾನು ಓಡಾಡ್ಕೊಂಡಿರೋ ಎರಡು ಚಕ್ರದ ರೋಬೋ ಮಾಡ್ಬೇಕು ಅಂತ ಹೊರಟಾಗ ನಾನು ಮೊದ್ಲು ಹಿಡಿದಿದ್ದು ಮ್ಯಾಪ್ ದಾರಿ. ರೂಮನ್ನ ಚೌಕ ಚೌಕ ಮಾಡಿ ಮೆಮೊರಿಲಿ ಇಟ್ಕೊಳ್ಳೋದು, ಎಲ್ಲಿ ಗೋಡೆ ಎಲ್ಲಿ ಕುರ್ಚಿ ಅಂತ ಗುರುತು ಹಾಕೋದು, ಆಮೇಲೆ ದಾರಿ ಲೆಕ್ಕ ಹಾಕಿ ಮೋಟಾರ್‌ಗೆ ಹೇಳೋದು. ಬೋರ್ಡು ಆರ್ಡುಯಿನೋ ಊನೋ, ಅಂದ್ರೆ ಪ್ರೋಗ್ರಾಂ ಹಾಕ್ಬಹುದಾದ ಪುಟ್ಟ ಕಂಪ್ಯೂಟರ್ ಬೋರ್ಡು, ಅದರಲ್ಲಿ ರ್‍ಯಾಮ್ ಇರೋದೇ 2 ಕೆಬಿ. 4 ಮೀಟರ್‌ಗೆ 4 ಮೀಟರ್ ರೂಮನ್ನ 10 ಸೆಂ.ಮೀ. ಚೌಕ ಮಾಡಿದ್ರೆ 1600 ಚೌಕ, ಒಂದಕ್ಕೊಂದು ಬೈಟ್ ಅಂದ್ರೂ ಮೆಮೊರಿ ಮುಕ್ಕಾಲು ಪಾಲು ಅಲ್ಲೇ ಖಾಲಿ. ಚೌಕಕ್ಕೊಂದು ಬಿಟ್ ಅಂತ ಇಳಿಸಿ ಅದನ್ನೂ ಹೇಗೋ ತೂರಿಸ್ದೆ. ಆದ್ರೆ ಚಕ್ರ ಒಂಚೂರು ಜಾರಿದ್ರೂ ರೋಬೋ ಲೆಕ್ಕ ಒಂದು ಕಡೆ, ರೋಬೋ ಇನ್ನೊಂದು ಕಡೆ. ಯಾರಾದ್ರೂ ಕುರ್ಚಿ ಎಳ್ಕೊಂಡು ಕೂತ್ರೆ ಮ್ಯಾಪು ಆಗ್ಲೇ ಹಳೇದು. ಎರಡು ತಿಂಗಳು ಹೀಗೇ ಹೋಯ್ತು.

ಆಮೇಲೆ ಹಳೇ ಕಥೆಗಳನ್ನ ಓದೋಕೆ ಶುರು ಮಾಡ್ದೆ. 1979ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಸಂಶೋಧಕ ಹಾನ್ಸ್ ಮೊರಾವೆಕ್ ಅವರ ರೋಬೋ ಗಾಡಿ ಕುರ್ಚಿ ತುಂಬಿದ ರೂಮೊಂದನ್ನ ದಾಟೋಕೆ ಸುಮಾರು ಐದು ಗಂಟೆ ತಗೊಂಡಿತ್ತು, ಒಂದು ಮೀಟರ್ ಹೋಗೋದು, ನಿಲ್ಲೋದು, ಹತ್ತು ಹದಿನೈದು ನಿಮಿಷ ಲೆಕ್ಕ ಹಾಕೋದು. ಅದನ್ನ ಹತ್ರದಿಂದ ನೋಡಿದ್ದ ರಾಡ್ನಿ ಬ್ರೂಕ್ಸ್ ಮುಂದೆ ಅಮೆರಿಕದ ಎಂಐಟಿಲಿ 1986ರ ಪೇಪರ್‌ನಲ್ಲಿ ಬೇರೆಯದೇ ದಾರಿ ತೋರಿಸಿದ್ರು: ನೋಡು, ಯೋಚಿಸು, ಮಾಡು ಅಂತ ಒಂದರ ಹಿಂದೆ ಒಂದು ಕೂಡಿಸೋದು ಬೇಡ, ಸಣ್ಣ ಸಣ್ಣ ನಡವಳಿಕೆಗಳನ್ನ ಪದರ ಪದರವಾಗಿ ಹಾಕಿ, ಪ್ರತಿಯೊಂದು ಪದರವೂ ಸೆನ್ಸರ್‌ನಿಂದ ಮೋಟಾರ್‌ವರೆಗೆ ತಾನೇ ಪೂರ್ತಿ ಕೆಲಸ ಮಾಡ್ಲಿ ಅಂತ. ಅವರ ಆರು ಕಾಲಿನ ರೋಬೋ ಗೆಂಘಿಸ್ 57 ಪುಟ್ಟ ಸ್ಟೇಟ್ ಮೆಷಿನ್‌ಗಳ (ಈಗ ಯಾವ ಸ್ಥಿತಿ, ಮುಂದೆ ಯಾವುದು ಅಂತಷ್ಟೇ ನೋಡೋ ಸಣ್ಣ ಪ್ರೋಗ್ರಾಂ) ಮೇಲೆ ನಡೀತಿತ್ತು, ಅದರೊಳಗೆ ಮ್ಯಾಪ್ ಅಂತ ಏನೂ ಇರ್ಲಿಲ್ಲ. ಅದನ್ನ ಓದಿದ ರಾತ್ರಿನೇ ನನ್ನ ಮ್ಯಾಪ್ ಕೋಡ್ ಪೂರ್ತಿ ಡಿಲೀಟ್ ಮಾಡ್ದೆ.

ಹೊಸದಾಗಿ ಶುರು ಮಾಡಿದ್ದು ಒಂದೇ ಪದರದಿಂದ, ಸುಮ್ನೆ ಅಲೆದಾಡೋದು: ಮುಂದೆ ಹೋಗು, ಆಗಾಗ ಸ್ವಲ್ಪ ತಿರುಗು. ಅದರ ಮೇಲೆ ಎರಡನೇದು, ಅಲ್ಟ್ರಾಸೋನಿಕ್ ಸೆನ್ಸರ್‌ಗೆ (ಕಿವಿಗೆ ಕೇಳದ ಶಬ್ದ ಬಿಟ್ಟು ದೂರ ಅಳೆಯೋದು) 25 ಸೆಂ.ಮೀ. ಒಳಗೆ ಏನಾದ್ರೂ ಸಿಕ್ಕಿದ್ರೆ ಪಕ್ಕಕ್ಕೆ ತಿರುಗೋದು. ಸೆನ್ಸರು, ಮೋಟಾರು, ಮೋಟಾರ್ ಓಡಿಸೋ ಎಲ್298 ಡ್ರೈವರ್ ಎಲ್ಲಾ ಬೆಂಗಳೂರಿನ ಎಸ್.ಪಿ. ರೋಡಲ್ಲಿ ತಗೊಂಡಿದ್ದು, ಅಂಥಾ ದುಬಾರಿದೇನೂ ಅಲ್ಲ. ಮೊದಲನೇ ಸಂಜೆನೇ ಅದು ಟೀಪಾಯಿ, ಗೋಡೆ, ಬೀರು ಎಲ್ಲಾ ತಪ್ಪಿಸ್ಕೊಂಡು ಓಡಾಡ್ತು, ಎರಡು ತಿಂಗಳ ಮ್ಯಾಪ್ ಕೆಲಸದಲ್ಲಿ ಒಂದು ದಿನಾನೂ ಹಾಗೆ ಆಗಿರ್ಲಿಲ್ಲ, ನನಗೆ ಕಣ್ಣಲ್ಲಿ ನೀರೇ ಬಂತು.

ಆದ್ರೆ ಅಜ್ಜಿ ಕಾಲಿಗೆ ಮಾತ್ರ ಹೋಗಿ ಗುದ್ದೋದು. "ಪುಟ್ಟಾ, ಗೋಡೆ ಕಾಣತ್ತೆ, ನಾನ್ ಕಾಣಲ್ವಾ ಇದಕ್ಕೆ?" ಅಂತ ಅಜ್ಜಿ ಕೇಳಿದ್ರು. ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಅಲ್ಟ್ರಾಸೋನಿಕ್ ಶಬ್ದ ಗಟ್ಟಿ ಗೋಡೆಗೆ ತಾಗಿ ವಾಪಸ್ ಬರತ್ತೆ, ಆದ್ರೆ ಹತ್ತಿ ಸೀರೆಯ ನೆರಿಗೆ ಅದನ್ನ ಹೀರ್ಕೊಂಡ್ಬಿಡತ್ತೆ, ಓರೆಯಾಗಿರೋ ನುಣುಪು ಹಲಗೆ ಆದ್ರೆ ಶಬ್ದಾನ ಬೇರೆ ಕಡೆಗೇ ತಳ್ಳತ್ತೆ. ಹಳೇ ರೀತಿಲಿ ಆಗಿದ್ರೆ ಸೆನ್ಸರ್ ಲೆಕ್ಕಾನೇ ತಿದ್ದೋಕೆ ಕೂರ್ತಿದ್ದೆ. ಇಲ್ಲಿ ಇದ್ದಿದ್ದನ್ನ ಮುಟ್ಲೇ ಇಲ್ಲ, ಮೂರನೇ ಪದರ ಹಾಕ್ದೆ: ಮುಂದುಗಡೆ ಎರಡು ಮೈಕ್ರೋಸ್ವಿಚ್, ಮೆತ್ತಗಿನ ಫೋಮ್ ಪಟ್ಟಿ, ಒತ್ತಿದ ತಕ್ಷಣ ಹಿಂದೆ ಸರಿದು ತಿರುಗೋದು. ಮೇಲಿನ ಪದರಕ್ಕೆ ಕೆಲಸ ಬಂದ್ರೆ ಅದರ ಮಾತು ಮೋಟಾರ್‌ಗೆ ಹೋಗತ್ತೆ, ಇಲ್ಲಾಂದ್ರೆ ಕೆಳಗಿನದು ಮುಂದುವರಿಯತ್ತೆ, ಅಷ್ಟೇ. ಬ್ರೂಕ್ಸ್ ಅವರ ಮೂಲ ವಿನ್ಯಾಸದಲ್ಲಿ ಅಡ್ಡಿ ತಪ್ಪಿಸೋದೇ ಎಲ್ಲಕ್ಕಿಂತ ಕೆಳಗೆ, ಅಲೆದಾಟ ಅದರ ಮೇಲೆ, ಪದರಗಳ ನಡುವಿನ ತಂತಿಗಳಲ್ಲೇ ಒಂದು ಇನ್ನೊಂದನ್ನ ತಡೆಯತ್ತೆ. ನಾನು ಮಾಡಿದ್ದು ಅದಕ್ಕಿಂತ ಸರಳ, ಯಾರು ಮೊದಲು ಅನ್ನೋ ಸಾಲು ಒಂದೇ. ಸಣ್ಣ ಬೋರ್ಡ್‌ಗೆ ಇದೇ ಒಳ್ಳೇದು ಅಂತ ನನಗನ್ಸತ್ತೆ.

ನನಗೆ ದೊಡ್ಡ ಪಾಠ ಕಲಿಸಿದ್ದು ಬಾಗಿಲ ಹತ್ರದ ಮೆಟ್ಟಿಲು. ನಾಲ್ಕನೇ ಪದರ ಮೆಟ್ಟಿಲಿಗೇ ಅಂತ ಇತ್ತು, ಕೆಳಗೆ ನೋಡೋ ಐಆರ್ ಸೆನ್ಸರ್ (ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಟ್ಟು ವಾಪಸ್ ಬರೋದನ್ನ ಓದೋದು) ಮುಂದೆರಡು ಹಿಂದೆರಡು, ನೆಲ ಸಿಗದಿದ್ರೆ ನಿಲ್ಲು, ಎಲ್ಲಕ್ಕಿಂತ ಮೇಲೆ ಇದರ ಮಾತು. ಆದ್ರೂ ರೋಬೋ ಹಿಮ್ಮುಖವಾಗಿ ಮೆಟ್ಟಿಲಿಂದ ಬಿತ್ತು, ಒಂದು ಗೇರ್ ಮುರೀತು. ಕಾರಣ ಹುಡುಕೋಕೆ ಒಂದಿಡೀ ಭಾನುವಾರ ಬೇಕಾಯ್ತು. ಗುದ್ದಿದಾಗ ಹಿಂದೆ ಸರಿಯೋ ಕೋಡಲ್ಲಿ ನಾನು 800 ಮಿಲಿಸೆಕೆಂಡ್ ಡಿಲೇ ಹಾಕಿದ್ದೆ, ಆ ಹೊತ್ತು ಪೂರ್ತಿ ಪ್ರೊಸೆಸರ್ ಬೇರೇನೂ ಮಾಡಲ್ಲ, ಅಂದ್ರೆ ಐಆರ್ ಓದೋರೇ ಇಲ್ಲ. ಪದರ ಅಂತ ಹೆಸರಿಗಿತ್ತು, ಒಂದು ಪದರ ಕೆಲಸ ಮಾಡುವಾಗ ಮಿಕ್ಕಿದ್ದೆಲ್ಲಾ ಕಣ್ಣು ಮುಚ್ಕೊಂಡಿರ್ತಿತ್ತು. ಡಿಲೇ ಎಲ್ಲಾ ಕಿತ್ತು ಪ್ರತಿ ನಡವಳಿಕೆನೂ ಮಿಲಿಸ್ ಅನ್ನೋ ಬೋರ್ಡಿನ ಮಿಲಿಸೆಕೆಂಡ್ ಗಡಿಯಾರ ನೋಡ್ಕೊಂಡು ನಡೆಯೋ ಪುಟ್ಟ ಸ್ಟೇಟ್ ಮೆಷಿನ್ ಮಾಡ್ದೆ. ಅಲ್ಟ್ರಾಸೋನಿಕ್ ಶಬ್ದ ವಾಪಸ್ ಬರೋವರೆಗೆ ಕಾಯೋ ಪಲ್ಸ್‌ಇನ್ ಅನ್ನೋ ಆದೇಶಕ್ಕೂ ಮಿತಿ ಕೊಡದಿದ್ರೆ ಒಂದು ಸೆಕೆಂಡ್‌ವರೆಗೆ ಕಾಯ್ಬಹುದು, ನಾನು 12 ಮಿಲಿಸೆಕೆಂಡ್ ಅಂತ ಕೊಟ್ಟೆ, ಅಷ್ಟಕ್ಕೆ ಸುಮಾರು 2 ಮೀಟರ್ ದೂರ ಕಾಣತ್ತೆ, ಮನೆಯೊಳಗೆ ಧಾರಾಳ ಸಾಕು. ನೀವೂ ಇದನ್ನ ಮಾಡೋದಾದ್ರೆ ದಯವಿಟ್ಟು ಡಿಲೇ ಬಳಸ್ಬೇಡಿ, ಒಂದೇ ಒಂದು ಕಡೆನೂ.

ಮೂಲೆ ಸಮಸ್ಯೆ ಎಲ್ಲರಿಗೂ ಬರೋದೇ. ಎಡಗಡೆ ಗೋಡೆ ಅಂತ ಬಲಕ್ಕೆ, ಬಲಗಡೆ ಗೋಡೆ ಅಂತ ಎಡಕ್ಕೆ, ಬೀರು ಪಕ್ಕ ನಿಂತು ತಲೆ ಆಡಿಸ್ತಾನೇ ಇರೋದು. ಒಂದ್ಸಲ ತಿರುಗಿದ ದಿಕ್ಕನ್ನ ಎರಡು ಸೆಕೆಂಡ್ ನೆನಪಿಟ್ಕೊಂಡು ಆ ಕಡೆಗೇ ತಿರುಗು ಅಂದೆ, ಅಲ್ಲಿಗೆ ಬಗೆಹರೀತು.

ಐಆರ್ ಕಥೆ ಇನ್ನೂ ಇದೆ. ನಮ್ಮದು ಹಳೇ ಮನೆ, ಕೆಂಪು ರೆಡ್ ಆಕ್ಸೈಡ್ ನೆಲ, ಸುತ್ತ ಕಪ್ಪು ಬಾರ್ಡರ್. ಕಪ್ಪು ಐಆರ್ ಬೆಳಕನ್ನ ವಾಪಸ್ ಕೊಡಲ್ಲ, ರೋಬೋ ಪಾಲಿಗೆ ಆ ಬಾರ್ಡರು ಹಳ್ಳ, ಹಂಗಾಗಿ ಅದು ಬಾರ್ಡರ್ ದಾಟ್ತಾನೇ ಇರ್ಲಿಲ್ಲ. ಅದಾದ್ರೂ ಪರವಾಗಿಲ್ಲ, ಅಪಾಯ ಇದ್ದಿದ್ದು ಸಂಜೆ ನಾಲ್ಕರ ಬಿಸಿಲಲ್ಲಿ. ಬಿಸಿಲಲ್ಲಿರೋ ಐಆರ್ ನೇರ ಸೆನ್ಸರ್‌ಗೆ ಬಿದ್ರೆ ಮೆಟ್ಟಿಲ ಅಂಚಲ್ಲೂ "ನೆಲ ಇದೆ" ಅನ್ನತ್ತೆ. ರೆಡಿಮೇಡ್ ಮಾಡ್ಯೂಲ್‌ನಲ್ಲಿ ಎಲ್‌ಇಡಿ ಯಾವಾಗ್ಲೂ ಉರೀತಿರತ್ತೆ, ಅದಕ್ಕೇ ಎಲ್‌ಇಡಿನ ಬೇರೆ ಪಿನ್‌ಗೆ ಹಾಕ್ಕೊಂಡು, ಒಂದ್ಸಲ ಆರಿಸಿ ಓದಿ, ಒಂದ್ಸಲ ಹಚ್ಚಿ ಓದಿ, ಎರಡರ ವ್ಯತ್ಯಾಸ ತಗೊಂಡೆ. ಸುತ್ತ ಕಪ್ಪು ಟೇಪ್ ಕೊಳವೆ ಮಾಡಿ ಸುತ್ತಿದೆ. ಬಿಸಿಲು ಕಾಟ ಕೊಡೋದು ನಿಲ್ತು.

ಈಗ ಐದನೇ ಪದರಕ್ಕೆ ಕೈ ಹಾಕಿದೀನಿ, ಬ್ಯಾಟರಿ ಇಳಿದ್ರೆ ತಾನೇ ಹೋಗಿ ಚಾರ್ಜ್ ಆಗೋದು. 1949ರ ಹೊತ್ತಿಗೇ ಬ್ರಿಸ್ಟಲ್‌ನಲ್ಲಿ ಗ್ರೇ ವಾಲ್ಟರ್ ಮಾಡಿದ್ದ ಆಮೆ ರೋಬೋಗಳು ಬ್ಯಾಟರಿ ಇಳಿದಾಗ ಬೆಳಕಿರೋ ಗೂಡಿಗೆ ಹೋಗಿ ಚಾರ್ಜ್ ಆಗ್ತಿದ್ವು, ಹಳೇ ರೇಡಿಯೋಲಿ ಇರ್ತಿದ್ದಂಥ ಎರಡೇ ಎರಡು ವ್ಯಾಕ್ಯೂಮ್ ಟ್ಯೂಬ್‌ನಲ್ಲಿ! ನನ್ನದರಲ್ಲಿ ಎರಡು 18650 ಲಿಥಿಯಂ ಸೆಲ್, ಎರಡೂ ಸೇರಿ 6.6 ವೋಲ್ಟ್‌ಗಿಂತ ಕೆಳಗೆ ಹೋದ್ರೆ ಎಡ ಬಲದ ಎಲ್‌ಡಿಆರ್ (ಬೆಳಕು ಅಳೆಯೋ ಸೆನ್ಸರ್) ನೋಡಿ ಮೇಜಿನ ಕೆಳಗಿನ ಬಲ್ಬ್ ಕಡೆ ತಿರುಗತ್ತೆ. ನಿನ್ನೆ ರಾತ್ರಿ ಬಲ್ಬ್ ತನಕ ಹೋಗಿ ನಿಂತಿತ್ತು, ಚಾರ್ಜಿಂಗ್ ತಗಡಿಗೆ ಇನ್ನೂ ಒಂದಂಗುಲ ದೂರ ಇತ್ತು.