ಪುಸ್ತಕದ ಕಿಲೋಮೀಟರ್, ನಮ್ಮೂರಿನ ಧೂಳು: ಎಂಜಿನ್ ಆಯಿಲ್ ಯಾವಾಗ ಬದಲಿಸಬೇಕು?

ಧಾರವಾಡದಿಂದ ಹುಬ್ಬಳ್ಳಿಗೆ ಬರುತ್ತಿದ್ದೆ. ರಾಯಾಪುರ ದಾಟುತ್ತಿದ್ದಂತೆ ಬೈಕ್ ಭಾರವಾಯಿತು. ಆಕ್ಸಿಲರೇಟರ್ ತಿರುವಿದರೂ ಓಟ ಇಲ್ಲ. ಎಂಜಿನ್ನಿನಿಂದ ಟಕಟಕ ಸದ್ದು ಬಂತು, ಆಮೇಲೆ ಹಿಂದಿನ ಗಾಲಿ ಹಿಡಿದಂತಾಗಿ ಗಾಡಿ ನಿಂತೇಬಿಟ್ಟಿತು. ಕಿಕ್ ಹೊಡೆಯಲು ಹೋದರೆ ಕಿಕ್ಕರ್ ಕೆಳಗೇ ಇಳಿಯಲಿಲ್ಲ. ಹೇಗೋ ತಳ್ಳಿಕೊಂಡು ಗ್ಯಾರೇಜ್ ಮುಟ್ಟಿದೆ. ಮಿಸ್ತ್ರಿ ಮೊದಲು ತೆಗೆದದ್ದೇ ಆಯಿಲ್ ಗೇಜ್. ಕಡ್ಡಿಯ ತುದಿಗೆ ಒಂದು ಹನಿಯೂ ಹತ್ತಿರಲಿಲ್ಲ. ಕೆಳಗಿನ ಬೋಲ್ಟ್ ಬಿಚ್ಚಿದರೆ ಒಂದು ಕಪ್ ಚಹಾದಷ್ಟು ಕರಿ ಎಣ್ಣೆ ಬಿತ್ತು, ಅಷ್ಟೇ.

“ಎಂಜಿನ್ ಹಿಡದೈತ್ರೀ ಸರ. ಬೋರ್ ಕೆಲಸ ಮಾಡಬೇಕಾಗತೈತಿ” ಎಂದರು. ಬೋರ್ ಅಂದರೆ ಎಂಜಿನ್ನಿನೊಳಗೆ ಪಿಸ್ಟನ್ ಓಡಾಡುವ ಕೊಳವೆ.

ಹಿಂದಿನ ಸಲ ಆಯಿಲ್ ಹಾಕಿಸಿ ಆಗ 2500 ಕಿ.ಮೀ. ಕೂಡ ಆಗಿರಲಿಲ್ಲ. ಕಿಲೋಮೀಟರ್ ಲೆಕ್ಕ ಸರಿಯಾಗೇ ಇತ್ತು. ಆದರೆ ಹಳೆ ಗಾಡಿ ಆಯಿಲ್ ತಿನ್ನುತ್ತಿತ್ತು. ನಡುವೆ ಒಂದು ಸಲವೂ ನಾನು ಗೇಜ್ ತೆಗೆದು ನೋಡಿರಲಿಲ್ಲ. ಹಾಗಾಗಿ ಎಷ್ಟು ಕಿ.ಮೀ.ಗೆ ಬದಲಿಸಬೇಕು ಅನ್ನುವುದರ ಜೊತೆಗೆ, ನಡುವೆ ಹೇಗೆ ನೋಡಬೇಕು ಅನ್ನುವುದನ್ನೂ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ನಿಮ್ಮ ಲೆಕ್ಕ ಹಾಕಿ

ಗಾಡಿ ಜೊತೆ ಕೊಟ್ಟ ಪುಸ್ತಕ ತೆಗೆಯಿರಿ. ಈಗಿನ 100-125 ಸಿಸಿಯ ಬಹಳಷ್ಟು ಬೈಕ್, ಸ್ಕೂಟರ್‌ಗಳಿಗೆ ಅದರಲ್ಲಿ 5000-6000 ಕಿ.ಮೀ. ಎಂದಿರುತ್ತದೆ. ಕಾರುಗಳಿಗೆ ಸಾಮಾನ್ಯವಾಗಿ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಗ್ಯಾರೇಜಿನಲ್ಲಿ ಕೇಳಿದರೆ ಬೈಕಿಗೆ 2000-2500ಕ್ಕೇ ಬದಲಿಸಿ ಅನ್ನುತ್ತಾರೆ. ಯಾರ ಮಾತು ಕೇಳಬೇಕು?

ಪುಸ್ತಕದಲ್ಲಿ ಇನ್ನೂ ಒಂದು ಮಾತಿರುತ್ತದೆ, ಬಹಳ ಜನ ಅದನ್ನು ಓದುವುದಿಲ್ಲ. ಧೂಳಿನ ರಸ್ತೆ, ಪದೇ ಪದೇ ನಿಂತು ಹೋಗುವ ಟ್ರಾಫಿಕ್, ಸಣ್ಣ ಸಣ್ಣ ಓಡಾಟ, ಜಾಸ್ತಿ ಭಾರ ಇದ್ದರೆ ಬೇಗ ಬದಲಿಸಿ ಎಂಬ ಮಾತು ಅದು. ಕೆಲವು ಕಾರುಗಳ ಪುಸ್ತಕದಲ್ಲಿ ಇಂಥ ಓಡಾಟಕ್ಕೆ ನೇರವಾಗಿ ಅರ್ಧ ಅವಧಿಯನ್ನೇ ಬರೆದಿರುತ್ತಾರೆ. ಈ ನಾಲ್ಕರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಯಾವುದು ಇಲ್ಲ ಹೇಳಿ?

ಸಣ್ಣ ಓಡಾಟ ಯಾಕೆ ಕೆಟ್ಟದ್ದು ಅಂದರೆ, ಆಯಿಲ್ ಪೂರ್ತಿ ಬಿಸಿಯಾಗಲು ಹತ್ತು-ಹದಿನೈದು ನಿಮಿಷವಾದರೂ ಬೇಕು. ಅಷ್ಟು ಬಿಸಿಯಾದರೆ ಮಾತ್ರ ಒಳಗೆ ಸೇರಿದ ನೀರಿನ ಪಸೆ, ಸುಡದೆ ಉಳಿದ ಪೆಟ್ರೋಲ್ ಆವಿಯಾಗಿ ಹೋಗುತ್ತವೆ. ಕೇಶ್ವಾಪುರದಿಂದ ದುರ್ಗದ ಬೈಲಿಗೆ ಹೋಗಿ ಕಾಯಿಪಲ್ಲೆ ತಂದರೆ ಆಯಿಲ್ ಉಗುರು ಬೆಚ್ಚಗಾಗುವುದರೊಳಗೆ ಗಾಡಿ ಮನೆಯಲ್ಲಿರುತ್ತದೆ. ದಿನಾ ಹೀಗೇ ಆದರೆ ನೀರು, ಪೆಟ್ರೋಲ್ ಒಳಗೇ ಉಳಿದು ಆಯಿಲ್ ತೆಳುವಾಗುತ್ತದೆ, ಹುಳಿ ಗುಣ ಬಂದು ಲೋಹವನ್ನು ತಿನ್ನುತ್ತದೆ. ಅದೇ ದಿನಾ ಹುಬ್ಬಳ್ಳಿ-ಧಾರವಾಡ ನಡುವೆ ಒಂದೇ ವೇಗದಲ್ಲಿ ಇಪ್ಪತ್ತು ಕಿ.ಮೀ. ಓಡುವ ಗಾಡಿಯ ಆಯಿಲ್ ಚೆನ್ನಾಗಿ ಬಾಳುತ್ತದೆ. ತಿಂಗಳಿಗೆ ಇನ್ನೂರು ಕಿ.ಮೀ. ಓಡುವ ಸ್ಕೂಟರ್‌ಗೆ ‘ಇನ್ನೂ ಕಿಲೋಮೀಟರ್ ಆಗಿಲ್ಲ’ ಅನ್ನುವುದು ಸರಿಯಲ್ಲ. ಅದಕ್ಕೆ ತಿಂಗಳ ಲೆಕ್ಕ ಹಿಡಿಯಬೇಕು.

ಇನ್ನು ಧೂಳು. ನವಲಗುಂದ, ಅಣ್ಣಿಗೇರಿ ಕಡೆ ಬೇಸಿಗೆಯಲ್ಲಿ ಎರಿ ಹೊಲದ ದಾರಿಯಲ್ಲಿ ಒಮ್ಮೆ ಹೋಗಿಬಂದವರಿಗೆ ಬೇರೆ ಹೇಳಬೇಕಿಲ್ಲ. ಏರ್ ಫಿಲ್ಟರ್ ಕಟ್ಟಿದ್ದರೆ, ಹರಿದಿದ್ದರೆ, ಆ ಪುಡಿ ಒಳಗೆ ಹೋಗಿ ಆಯಿಲ್ ಜೊತೆ ಸೇರಿ ಉಸುಕಿನ ಕಾಗದದಂತೆ ಬೋರನ್ನು ಸವೆಸುತ್ತದೆ. ಆಯಿಲ್ ಬದಲಿಸುವಾಗಲೆಲ್ಲ ಏರ್ ಫಿಲ್ಟರನ್ನೂ ಬಿಚ್ಚಿ ನೋಡಿಸಿ. ಎಣ್ಣೆ ಸವರಿದ ಕಾಗದದ ಫಿಲ್ಟರ್ ಇದ್ದರೆ ಗಾಳಿ ಹೊಡೆಸಬೇಡಿ, ಹೊಸದು ಹಾಕಿಸಿ.

ಹಾಗಾದರೆ ನನ್ನ ಲೆಕ್ಕ ಇದು. ಊರೊಳಗೆ ಓಡುವ ಬೈಕ್, ಸ್ಕೂಟರ್‌ಗೆ 3000 ಕಿ.ಮೀ. ಅಥವಾ ಆರು ತಿಂಗಳು. ಊರೊಳಗೇ ಸುತ್ತುವ ಕಾರಿಗೆ 5000 ಕಿ.ಮೀ. ಅಥವಾ ಆರು ತಿಂಗಳು. ಹೈವೇ ಮೇಲೇ ಜಾಸ್ತಿ ಓಡುವ ಕಾರಿಗೆ ಪುಸ್ತಕದ 10,000 ಸಾಕು. 2000ಕ್ಕೇ ಬದಲಿಸಿದರೆ ಎಂಜಿನ್ನಿಗೆ ನಷ್ಟವಿಲ್ಲ, ನಿಮ್ಮ ಕಿಸೆಗೆ ಮಾತ್ರ ನಷ್ಟ. ಸಿಂಥೆಟಿಕ್ ಆಯಿಲ್ ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ ನಿಜ. ಆದರೆ ಅದಕ್ಕೂ ಧೂಳು ಸೇರುತ್ತದೆ, ಪೆಟ್ರೋಲ್ ಸೇರುತ್ತದೆ. ಹಾಗಾಗಿ ಅದನ್ನು ಹಾಕಿಸಿದೆ ಅಂತ ಅವಧಿಯನ್ನು ಎರಡು ಪಟ್ಟು ಎಳೆಯಬೇಡಿ. ಹೊಸ ಗಾಡಿಯ ಮೊದಲ ಸರ್ವಿಸನ್ನಂತೂ ಪುಸ್ತಕ ಹೇಳಿದ ಸಮಯಕ್ಕೇ ಮಾಡಿಸಿ. ಹೊಸ ಎಂಜಿನ್ ತಿಕ್ಕಾಡುವಾಗ ಬಿದ್ದ ಲೋಹದ ಪುಡಿಯೆಲ್ಲ ಆ ಮೊದಲ ಆಯಿಲ್‌ನಲ್ಲಿರುತ್ತದೆ.

ಟ್ರ್ಯಾಕ್ಟರ್ ಇದ್ದವರು ಕಿಲೋಮೀಟರ್ ಬಿಟ್ಟು ಮೀಟರಿನ ಗಂಟೆ ನೋಡಬೇಕು. ಬಹಳ ಮಾಡೆಲ್‌ಗಳಿಗೆ 250 ಗಂಟೆ, ಕೆಲವು ಹೊಸವಕ್ಕೆ ಅದಕ್ಕಿಂತ ಜಾಸ್ತಿ. ರೋಟಾವೇಟರ್ ಹೊಡೆಯುವ ದಿನಗಳಲ್ಲಿ ಏರ್ ಕ್ಲೀನರ್ ಕೆಳಗಿನ ಎಣ್ಣೆ ಬಟ್ಟಲನ್ನು ಮರೆಯದೆ ತೊಳೆಯಿರಿ.

ಗೇಜ್ ನೋಡುವುದು

ಬೈಕಿಗೆ ಹಿಡಿಯುವುದೇ ಸುಮಾರು ಒಂದು ಲೀಟರ್, ಸ್ಕೂಟರ್‌ಗೆ ಮುಕ್ಕಾಲು ಲೀಟರಿನ ಆಸುಪಾಸು. ಅದರಲ್ಲಿ ಒಂದು ಲೋಟ ಕಡಿಮೆಯಾದರೂ ದೊಡ್ಡ ಕೊರತೆ. ಹಾಗಾಗಿ ಹದಿನೈದು ದಿನಕ್ಕೊಮ್ಮೆ ನೋಡಿ, ಹಳೆ ಗಾಡಿಯಾದರೆ ವಾರಕ್ಕೊಮ್ಮೆ.

ಗಾಡಿಯನ್ನು ಸಪಾಟು ನೆಲದ ಮೇಲೆ ಡಬಲ್ ಸ್ಟ್ಯಾಂಡ್ ಹಾಕಿ. ಸೈಡ್ ಸ್ಟ್ಯಾಂಡ್ ಮೇಲೆ ನೋಡಿದರೆ ಲೆಕ್ಕ ತಪ್ಪುತ್ತದೆ. ಎಂಜಿನ್ ಮೂರು ನಿಮಿಷ ಓಡಿಸಿ, ಬಂದ್ ಮಾಡಿ, ಇನ್ನು ಮೂರು ನಿಮಿಷ ಬಿಡಿ. ಗೇಜ್ ತೆಗೆದು ಬಟ್ಟೆಯಿಂದ ಒರೆಸಿ. ನಮ್ಮ ಕಡೆ ಓಡುವ ಬಹುತೇಕ ಬೈಕ್, ಸ್ಕೂಟರ್‌ಗಳಲ್ಲಿ ಗೇಜನ್ನು ತಿರುಗಿಸದೆ ಸುಮ್ನೆ ಒಳಗೆ ಇಳಿಸಿ, ಹೊರತೆಗೆದು ನೋಡಬೇಕು. ಆಯಿಲ್ ಎರಡು ಗೆರೆಗಳ ನಡುವೆ ಇರಬೇಕು. ಕೆಲವು ಬೈಕ್‌ಗಳಲ್ಲಿ ಗೇಜ್ ಬದಲು ಸಣ್ಣ ಗಾಜಿನ ಕಿಂಡಿ ಇರುತ್ತದೆ.

ಹಾಗೆಯೇ ಒಂದು ಹನಿಯನ್ನು ಎರಡು ಬೆರಳ ನಡುವೆ ತಿಕ್ಕಿ. ಕಪ್ಪಗಿದೆ ಅಂತ ಮಾತ್ರಕ್ಕೆ ಹೆದರಬೇಡಿ. ಡೀಸೆಲ್ ಗಾಡಿಯಲ್ಲಿ ಹೊಸ ಆಯಿಲ್ ಕೂಡ ಕೆಲವೇ ದಿನಕ್ಕೆ ಮಸಿಯಿಂದ ಕಪ್ಪಾಗುತ್ತದೆ. ಬೆರಳಿಗೆ ಕರಕರ ಹತ್ತಿದರೆ, ಪೆಟ್ರೋಲ್ ವಾಸನೆ ಬಂದರೆ, ನೀರಿನಂತೆ ತೆಳುವಾಗಿದ್ದರೆ ದಿನ ನೋಡದೆ ಬದಲಿಸಿ. ಹಾಲು ಹಾಕಿದ ಚಹಾದ ಬಣ್ಣ ಕಂಡರೆ ಒಳಗೆ ನೀರು ಹೋಗಿದೆ. ಮಳೆಯಲ್ಲಿ ಗಾಡಿ ಮುಳುಗಿದ್ದರಂತೂ ಸ್ಟಾರ್ಟ್ ಮಾಡಲೇಬೇಡಿ.

ಯಾವ ಆಯಿಲ್?

ಹಿಂದೆ ಚಕ್ಕಡಿಯ ಅಚ್ಚಿಗೆ ಔಡಲ ಎಣ್ಣೆ ಬಳಸಿದ ಕೀಲೆಣ್ಣೆ ಹಚ್ಚುತ್ತಿದ್ದರು. ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೂ ಅದೇ ಔಡಲ ಎಣ್ಣೆಯ ಇಂಗ್ಲಿಷ್ ಹೆಸರಾದ ‘ಕ್ಯಾಸ್ಟರ್’‌ನಿಂದ. ಈಗ ಗಾಡಿಗೊಂದು ಗ್ರೇಡ್ ಇದೆ, ಪುಸ್ತಕದಲ್ಲಿರುವುದನ್ನೇ ಕೊಳ್ಳಿ. 10ಡಬ್ಲ್ಯು-30 ಎಂದಿದ್ದರೆ ಮೊದಲ ಅಂಕಿ ಚಳಿಯಲ್ಲಿ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು, ಎರಡನೆಯದು ಬಿಸಿಯಾದಾಗ ಎಷ್ಟು ದಪ್ಪ ಉಳಿಯುತ್ತದೆ ಎಂದು ಹೇಳುತ್ತದೆ. ಬೈಕ್‌ನಲ್ಲಿ ಕ್ಲಚ್ ಪ್ಲೇಟ್‌ಗಳೂ ಇದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಅದಕ್ಕೆ ಡಬ್ಬಿ ಮೇಲೆ ‘ಜಾಸೊ ಎಂಎ’ ಅಥವಾ ‘ಎಂಎ2’ ಇರಲಿ. ಗೇರ್ ಇಲ್ಲದ ಸ್ಕೂಟರ್‌ಗೆ ‘ಎಂಬಿ’. ಕಾರಿನದು ಉಳಿದಿದೆ ಅಂತ ಬೈಕಿಗೆ ಸುರಿದರೆ ಕ್ಲಚ್ ಜಾರಬಹುದು. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಬಿಎಸ್6 ಡೀಸೆಲ್ ಕಾರಿಗೆ ಅದಕ್ಕೆಂದೇ ಬರುವ ಕಡಿಮೆ ಬೂದಿಯ ಆಯಿಲ್ ಬೇಕು.

ಸೀಲ್ ನಿಮ್ಮ ಕಣ್ಣೆದುರೇ ಒಡೆಯಲಿ. ಖಾಲಿ ಡಬ್ಬಿಗೆ ತೂತು ಹೊಡೆದು ಬನ್ನಿ. ಅದೇ ಡಬ್ಬಿಯಲ್ಲಿ ನಕಲಿ ಆಯಿಲ್ ತುಂಬಿ ಮಾರುವವರಿದ್ದಾರೆ.

ಮನೆಯಲ್ಲೇ ಬದಲಿಸುವುದಾದರೆ

ಬೈಕ್, ಸ್ಕೂಟರ್ ಮನೆಯಲ್ಲಿ ಮಾಡಬಹುದು. ಕಾರಿಗೆ ಬರೀ ಜಾಕ್ ಕೊಟ್ಟು ಕೆಳಗೆ ನುಗ್ಗಬೇಡಿ, ಗ್ಯಾರೇಜಿಗೆ ಹೋಗಿ.

ಎಂಜಿನ್ ನಾಲ್ಕು ನಿಮಿಷ ಓಡಿಸಿ ಬಂದ್ ಮಾಡಿ. ಬೆಚ್ಚಗಿದ್ದರೆ ಕಸ ಸಮೇತ ಆಯಿಲ್ ಇಳಿಯುತ್ತದೆ. ತೀರಾ ಬಿಸಿಯಿದ್ದರೆ ಕೈ ಸುಡುತ್ತದೆ. ಕೆಳಗೆ ಅಗಲ ಬುಟ್ಟಿ ಇಡಿ, ಗೇಜ್ ಸಡಿಲಿಸಿ, ಪಾನಾ ಹಾಕಿ ಡ್ರೈನ್ ಬೋಲ್ಟ್ ಬಿಚ್ಚಿ. ಹತ್ತು ನಿಮಿಷ ಸೋರಲಿ. ಇಳಿದ ಆಯಿಲ್‌ನಲ್ಲಿ ಹೊಳೆಯುವ ಲೋಹದ ಚೂರುಗಳು ಕಂಡರೆ ಮಿಸ್ತ್ರಿಗೆ ತೋರಿಸಿ. ಬೋಲ್ಟಿನ ವಾಷರ್ ಹೊಸದು ಹಾಕಿ. ಬೋಲ್ಟನ್ನು ಮೊದಲು ಬರಿಗೈಯಲ್ಲೇ ಪೂರ್ತಿ ತಿರುಗಿಸಿ, ಕೊನೆಗೆ ಮಾತ್ರ ಪಾನಾದಿಂದ ಹದವಾಗಿ ಬಿಗಿ ಮಾಡಿ. ಎಂಜಿನ್ ಅಲ್ಯೂಮಿನಿಯಂದು. ಜೋರು ಮಾಡಿದರೆ ಥ್ರೆಡ್ ಹೋಗುತ್ತದೆ, ಆ ಖರ್ಚು ಆಯಿಲ್ ಡಬ್ಬಿಗಿಂತ ದೊಡ್ಡದಾಗಬಹುದು. ಫಿಲ್ಟರ್ ಇರುವ ಬೈಕ್ ಆದರೆ ಅದನ್ನೂ ಪುಸ್ತಕ ಹೇಳಿದಂತೆ ಬದಲಿಸಿ.

ಹೊಸ ಆಯಿಲ್ ಅಳತೆಗಿಂತ ಸ್ವಲ್ಪ ಕಡಿಮೆ ಹಾಕಿ, ಗೇಜ್ ನೋಡುತ್ತಾ ಸರಿ ಮಾಡಿ. ಮೇಲಿನ ಗೆರೆ ದಾಟಿದರೂ ತೊಂದರೆಯೇ. ನೊರೆ ಬಂದು ಸೀಲ್ ಕಡೆಯಿಂದ ಸೋರುತ್ತದೆ.

ಹಳೆ ಆಯಿಲ್ ಗಟಾರಕ್ಕೆ, ಹಿತ್ತಲಿಗೆ ಸುರಿಯಬೇಡಿ. ಕಾಯ್ದೆ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಡಬ್ಬಿಗೆ ತುಂಬಿ, ಹಳೆ ಆಯಿಲ್ ಶೇಖರಿಸಿ ಕಳಿಸುವ ಸರ್ವಿಸ್ ಸೆಂಟರ್‌ಗೆ ಕೊಡಿ. ಕೈಗೆ ಹತ್ತಿದ್ದನ್ನು ಸೋಪು ಹಚ್ಚಿ ತೊಳೆಯಿರಿ, ದಿನಾ ಚರ್ಮಕ್ಕೆ ಹತ್ತುವುದು ಒಳ್ಳೆಯದಲ್ಲ.

ತಾರೀಖು, ಮೀಟರ್ ಓದು ಎರಡನ್ನೂ ಬರೆದಿಡಿ. ಮರುದಿನ ಬೆಳಿಗ್ಗೆ ಗಾಡಿ ಹೊರಗೆ ತೆಗೆದ ಮೇಲೆ ಅದು ನಿಂತಿದ್ದ ನೆಲ ನೋಡಿ. ಒಂದೇ ಹನಿ ಬಿದ್ದಿದ್ದರೂ ಬೋಲ್ಟ್ ಮತ್ತೊಮ್ಮೆ ಮುಟ್ಟಿ ನೋಡಿಯೇ ಹೊರಡಿ.