ಹವಾಮಾನ ಬದಲಾವಣೆಯ ಮ್ಯಾಪ್ ಓದುವುದು ಹೇಗೆ? ಬಣ್ಣಕ್ಕಿಂತ ಮೊದಲು ಇದನ್ನು ನೋಡಿ

ಮ್ಯಾಪಿನಲ್ಲಿ ಕೆಂಪು ಇದ್ದ ಕಡೆ ಸೆಕೆ ಜಾಸ್ತಿ, ಅಷ್ಟೇ ಅಲ್ವಾ? ಅಲ್ಲ.

ನಾಸಾದ ಗಿಸ್‌ಟೆಂಪ್ ಜಾಲತಾಣಕ್ಕೆ ಹೋಗಿ. ಬೇಕಾದ ವರ್ಷ, ತಿಂಗಳು ಆರಿಸಿ ತಾಪಮಾನದ ಮ್ಯಾಪನ್ನು ನಾವೇ ಮಾಡಿಕೊಳ್ಳಬಹುದು. ದುಡ್ಡೇನೂ ಕೊಡಬೇಕಿಲ್ಲ. ಸೈಬೀರಿಯಾ ಕಡುಗೆಂಪಾಗಿ, ರಾಜಸ್ಥಾನ ತೆಳು ಬಣ್ಣದಲ್ಲಿ ಕಂಡರೆ ಗಾಬರಿ ಬೇಡ. ಅಲ್ಲಿನ ಬಣ್ಣ ಹೇಳುವುದು ಎಷ್ಟು ಡಿಗ್ರಿ ಇದೆ ಅಂತ ಅಲ್ಲ, ಆ ಜಾಗ ತನ್ನದೇ ಹಳೇ ಸರಾಸರಿಗಿಂತ ಎಷ್ಟು ಮೇಲೆ ಹೋಗಿದೆ ಅಂತ. ನಾಸಾ ಸಾಮಾನ್ಯವಾಗಿ ಹೋಲಿಸುವುದು 1951–1980ರ ಸರಾಸರಿಗೆ.

ಈಗ ಒಂದು ಕೆಲಸ ಮಾಡಿ. 2024ರ ಮ್ಯಾಪ್ ತೆಗೆದು, ಹೋಲಿಕೆಯ ಅವಧಿಯನ್ನು 1991–2020ಕ್ಕೆ ಬದಲಿಸಿ. ವರ್ಷ ಅದೇ, ಅಳತೆಯೂ ಅದೇ, ಆದರೂ ಕೆಂಪು ಎಷ್ಟೋ ಕಡೆ ತೆಳುವಾಗಿಬಿಡುತ್ತದೆ, ಯಾಕಂದ್ರೆ ಆ 30 ವರ್ಷಗಳೇ ಆಗಲೇ ಬಿಸಿಯಾಗಿದ್ದವು. ಜಗತ್ತಿನ ಬಿಸಿ 1.5 ಡಿಗ್ರಿಗಿಂತ ಹೆಚ್ಚು ಏರಬಾರದು ಅಂತ ಸುದ್ದಿಯಲ್ಲಿ ಬರುವ ಲೆಕ್ಕ ಇನ್ನೂ ಹಿಂದಿನದು, 1850–1900ಕ್ಕೆ ಹೋಲಿಸಿದ್ದು. ಹಾಗಾಗಿ ಯಾವ ಮ್ಯಾಪ್ ಸಿಕ್ಕರೂ ಮೊದಲು ಕೇಳಿ: ಯಾವುದಕ್ಕೆ ಹೋಲಿಸಿ? ಇದು ಗೊತ್ತಾಗದಿದ್ದರೆ ಆ ಮ್ಯಾಪನ್ನು ಫಾರ್ವರ್ಡ್ ಮಾಡಬೇಡಿ.

ಆಮೇಲೆ ಉತ್ತರ ಧ್ರುವದ ಕಡೆ ನೋಡಿ. 1979ರಿಂದೀಚೆಗೆ ಆರ್ಕ್ಟಿಕ್ ಪ್ರದೇಶ ಜಗತ್ತಿನ ಸರಾಸರಿಗಿಂತ ಸುಮಾರು 4 ಪಟ್ಟು ವೇಗವಾಗಿ ಬಿಸಿಯಾಗಿದೆ. ಬಿಳಿ ಹಿಮ ಕರಗಿದ ಕಡೆ ಕಡು ಬಣ್ಣದ ಸಮುದ್ರದ ನೀರು ತೆರೆದುಕೊಂಡು ಬಿಸಿಲನ್ನು ಹೀರುವುದೂ ಇದಕ್ಕೊಂದು ಕಾರಣ. ಆದರೆ ಚಪ್ಪಟೆ ಮ್ಯಾಪುಗಳು ಧ್ರುವದ ಹತ್ತಿರದ ಜಾಗವನ್ನು ಹಿಗ್ಗಿಸಿ ತೋರಿಸುತ್ತವೆ. ಕೆಲವು ಮ್ಯಾಪುಗಳಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ಕಾಣುತ್ತದೆ, ನಿಜಕ್ಕೂ ಆಫ್ರಿಕಾ ಅದರ ಸುಮಾರು 14 ಪಟ್ಟು ದೊಡ್ಡದು. ಬಿಸಿ ನಿಜ, ಕೆಂಪಿನ ವಿಸ್ತಾರ ಮಾತ್ರ ಜಾಸ್ತಿ. ಗೋಳದ ಮೇಲೆ ನೋಡಿದರೆ ಸರಿಯಾದ ಅಂದಾಜು ಸಿಗುತ್ತದೆ. ಬೂದು ಬಣ್ಣ ಅಂದ್ರೆ ಅಲ್ಲಿ ಮಾಹಿತಿ ಇಲ್ಲ ಅಂತ.

ಸಮುದ್ರ ಏರಿಕೆಯ ಮ್ಯಾಪುಗಳಲ್ಲಿ ಇನ್ನೂ ಹುಷಾರಾಗಿರಬೇಕು. ಇಂಥ ಮ್ಯಾಪಿಗೆ ನೆಲದ ಎತ್ತರ ಗೊತ್ತಿರಬೇಕು. 2000ದಲ್ಲಿ ನಾಸಾದ ನೌಕೆ ರಾಡಾರಿನಿಂದ ಅಳೆದ ಎತ್ತರವನ್ನು ಬಹಳ ಕಾಲ ಬಳಸುತ್ತಿದ್ದರು, ಆದರೆ ಆ ರಾಡಾರ್ ಎಷ್ಟೋ ಕಡೆ ಮರದ ತುದಿಯನ್ನೂ ಕಟ್ಟಡದ ಚಾವಣಿಯನ್ನೂ ನೆಲ ಅಂತಲೇ ಲೆಕ್ಕ ಹಾಕಿತ್ತು. ತಗ್ಗಿನ ಊರುಗಳು ಸುಮ್ನೆ ಎತ್ತರದಲ್ಲಿದ್ದಂತೆ ಕಂಡವು. 2019ರಲ್ಲಿ ಅಮೆರಿಕದ ಕ್ಲೈಮೇಟ್ ಸೆಂಟ್ರಲ್ ಅನ್ನುವ ಸಂಶೋಧನಾ ಸಂಸ್ಥೆ ಈ ತಪ್ಪನ್ನು ತಿದ್ದಿ ಲೆಕ್ಕ ಹಾಕಿದಾಗ ಅಪಾಯದಲ್ಲಿರುವ ಜನರ ಸಂಖ್ಯೆ ಸುಮಾರು 3 ಪಟ್ಟಾಯಿತು. ಜೊತೆಗೆ, ತಡೆಗೋಡೆಗಳನ್ನು ಇಂಥ ಎಷ್ಟೋ ಮ್ಯಾಪುಗಳು ಲೆಕ್ಕಕ್ಕೇ ಹಿಡಿಯುವುದಿಲ್ಲ. ಎತ್ತರದ ಮಾಹಿತಿ ಯಾವುದು ಅಂತ ಕೆಳಗಿನ ಸಣ್ಣ ಅಕ್ಷರಗಳಲ್ಲಿ ಹುಡುಕಿ.

ನಮ್ಮ ಹವಾಮಾನ ಇಲಾಖೆಯ ಜಿಲ್ಲಾವಾರು ಮಳೆ ಮ್ಯಾಪಿನಲ್ಲೂ ಬಣ್ಣದ ಪಟ್ಟಿ ಓದಲೇಬೇಕು. ಅಲ್ಲಿ ಕೆಂಪು ಅಂದ್ರೆ ವಾಡಿಕೆಗಿಂತ 20ರಿಂದ 59 ಶೇಕಡಾ ಕಡಿಮೆ ಮಳೆ. ಹಳದಿ ಅದಕ್ಕಿಂತ ಕಷ್ಟದ್ದು, 60 ಶೇಕಡಾಕ್ಕೂ ಹೆಚ್ಚು ಕೊರತೆ. ಕೆಂಪನ್ನೇ ಹುಡುಕುವವರಿಗೆ ಹಳದಿ ಜಿಲ್ಲೆಯ ಬರ ಕಾಣುವುದೇ ಇಲ್ಲ. ಇದು ಒಂದು ಹಂಗಾಮಿನ ಚಿತ್ರ ಅನ್ನೋದೂ ನೆನಪಿರಲಿ. ಹವಾಮಾನ ಬದಲಾಗಿದೆಯಾ ಅಂತ ತಿಳಿಯಬೇಕಾದರೆ ಅದೇ ಜಿಲ್ಲೆಯ 30 ವರ್ಷದ ಮಳೆಯನ್ನು ಜೋಡಿಸಿ ನೋಡಬೇಕು.