ಆಗಮನ ಕಾಲದಲ್ಲಿ ಕೊಡೋದು ಹೇಗೆ: ಮೊದಲ ಮೇಣದಬತ್ತಿಯಿಂದಲೇ ಶುರು ಮಾಡಿ

ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರ, ಭಾನುವಾರಕ್ಕೊಂದು ಮೇಣದಬತ್ತಿ ಹಚ್ಚಿ ಹಬ್ಬಕ್ಕೆ ತಯಾರಾಗೋ ದಿನಗಳೇ ಆಗಮನ ಕಾಲ. ಆ ದಿನಗಳಲ್ಲಿ ಬಡವರಿಗೆ ಕೊಡೋದಿದ್ರೆ ಮೊದಲು ಕ್ಯಾಲೆಂಡರ್ ನೋಡ್ಕೊಳ್ಳಿ. ನವೆಂಬರ್ 30 ಸಂತ ಅಂದ್ರೆಯರ ಹಬ್ಬ, ಅದಕ್ಕೆ ಯಾವ ಭಾನುವಾರ ಹತ್ತಿರವೋ ಅವತ್ತೇ ಆಗಮನ ಕಾಲ ಶುರು, ಅಂದ್ರೆ ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಯಾವತ್ತಾದ್ರೂ ಬರಬಹುದು. ನಾಲ್ಕು ವಾರ ಅಂತ ಬಾಯಲ್ಲಿ ಹೇಳ್ತೀವಿ, ಆದ್ರೆ ಪೂರ್ತಿ ನಾಲ್ಕು ವಾರ ಸಿಗೋದು ಅಪರೂಪ. 2023ರಲ್ಲಿ ನಾಲ್ಕನೇ ಭಾನುವಾರವೇ ಡಿಸೆಂಬರ್ 24 ಆಗಿ, ಬೆಳಗ್ಗೆ ಕೊನೆ ಮೇಣದಬತ್ತಿ ಹಚ್ಚಿ ರಾತ್ರಿ ಕ್ರಿಸ್ಮಸ್ ಪೂಜೆಗೆ ಬಂದು ನಿಂತಿದ್ವಿ. ಹಾಗಾಗಿ ಕೇಕು, ಸ್ಟಾರು, ಹೊಸ ಬಟ್ಟೆ ಎಲ್ಲಾ ಮುಗೀಲಿ, ಉಳಿದಿದ್ರಲ್ಲಿ ಬಡವರಿಗೆ ಏನಾದ್ರೂ ಮಾಡೋಣ ಅಂತ ಇಟ್ಕೊಂಡ್ರೆ ಅದು 23ನೇ ತಾರೀಖಿನ ಓಡಾಟ ಆಗುತ್ತೆ ಅಷ್ಟೇ.

ಆ ಓಡಾಟದಲ್ಲಿ ಏನಾಗುತ್ತೆ ಅಂತ ನಾನು ಕಣ್ಣಾರೆ ನೋಡಿದೀನಿ. ಒಂದು ವರ್ಷ ಹಬ್ಬಕ್ಕೆ ಎರಡು ದಿನ ಇದ್ದಾಗ ನಾವು ಮೂರು ಜನ ಒಬ್ಬ ಅಜ್ಜಿ ಮನೆಗೆ ಬೆಡ್‌ಶೀಟು, ಪ್ಲಮ್ ಕೇಕು ತಗೊಂಡು ಹೋದ್ವಿ. ಛಾವಣಿಗೆ ಶೀಟ್ ಹಾಕಿದ ಒಂದೇ ರೂಮು, ಮಂಚದ ಕೆಳಗೆ ನೋಡಿದ್ರೆ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದ ನಾಲ್ಕು ಬೆಡ್‌ಶೀಟು ಒಂದರ ಮೇಲೊಂದು ಜೋಡಿಸಿಟ್ಟಿದ್ರು, ಟಿವಿ ಮೇಲೆ ಮೂರು ಕೇಕು. ಅಜ್ಜಿ ಪಾಪ ನಗ್‌ನಗ್ತಾನೇ ನಮ್ದೂ ತಗೊಂಡ್ರು, ಟೀ ಮಾಡ್ಕೊಟ್ರು, ಹೊರಡೋವಾಗ ಬಾಗಿಲ ಹತ್ರ ನನ್ನ ಕೈ ಹಿಡ್ಕೊಂಡು ಮೆತ್ತಗೆ, "ಮಗಾ, ಬಿಪಿ ಮಾತ್ರೆ ಮುಗಿದು ಹತ್ತು ದಿನ ಆಯ್ತು, ಆ ಕಡೆ ಹೋದಾಗ ತಂದ್ಕೊಡ್ತೀಯಾ" ಅಂದ್ರು. ಐದು ಗುಂಪು ಬಂದು ಹೋಗಿದ್ವಿ, ಒಬ್ಬರೂ ಕೇಳಿರಲಿಲ್ಲ. ಅವತ್ತಿಂದ ನನ್ನ ಪಾಲಿಗೆ ಮೊದಲ ವಾರದ ಕೆಲಸ ಒಂದೇ, ಕೇಳೋದು.

ಯಾರನ್ನ ಕೇಳ್ಬೇಕು? ನಿಮ್ಮ ಪ್ಯಾರಿಷ್‌ನ, ಅಂದ್ರೆ ನಿಮ್ಮ ಚರ್ಚಿನ, ಎಸ್‌ವಿಪಿಯವರನ್ನ. ಎಸ್‌ವಿಪಿ ಅಂದ್ರೆ ಬಡವರಿಗೆ ನೆರವಾಗೋ ಸಂತ ವಿನ್ಸೆಂಟ್ ದೆ ಪೌಲರ ಸಭೆ, 1833ರಲ್ಲಿ ಪ್ಯಾರಿಸ್‌ನಲ್ಲಿ ಅದು ಶುರುವಾದಾಗ ಅದನ್ನ ಕಟ್ಟಿದ ಫ್ರೆಡೆರಿಕ್ ಓಜನಾಂಗೆ ಬರೀ 20 ವರ್ಷ, ಇನ್ನೂ ಕಾಲೇಜು ಹುಡುಗ. ಬಡವರ ಮನೆಗೇ ಹೋಗಿ ಕೂತು ಮಾತಾಡೋದು ಅವತ್ತಿಂದ ಇವತ್ತಿನವರೆಗೂ ಅವರ ಪದ್ಧತಿ. ಯಾರ ಮನೇಲಿ ಯಾರಿಗೆ ಡಯಾಲಿಸಿಸ್ ನಡೀತಿದೆ, ಯಾವ ಮಗುವಿನ ಎರಡನೇ ಕಂತಿನ ಫೀಸು ಬಾಕಿ ಇದೆ ಅನ್ನೋದು ಅವರ ತಲೇಲೇ ಇರುತ್ತೆ. ಪೂಜೆ ಮುಗಿದ ಮೇಲೆ ಅವರಲ್ಲಿ ಒಬ್ಬರನ್ನ ಹಿಡ್ಕೊಂಡು "ಅಂಕಲ್, ಈ ವರ್ಷ ಯಾವ ಮನೆಗೆ ಏನು ಬೇಕಾಗಿದೆ" ಅಂತ ಕೇಳಿ, ಹೆಸರು ಹೇಳದೆ ಅಗತ್ಯ ಮಾತ್ರ ಹೇಳ್ತಾರೆ, ಅಷ್ಟು ಸಾಕು. ಎಸ್‌ವಿಪಿ ಇಲ್ಲದ ಪ್ಯಾರಿಷ್ ಆದ್ರೆ ಫಾದರ್ ಹತ್ರ ಅಥವಾ ಅಲ್ಲಿನ ಸಿಸ್ಟರ್ಸ್ ಹತ್ರ ಕೇಳಿ. ಇನ್ನೊಂದು ವಿಷಯ, ಬೆಂಗಳೂರಿನ ಎಷ್ಟೋ ಚರ್ಚುಗಳಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಪೂಜೆ ಬೇರೆ ಬೇರೆ ಹೊತ್ತಿಗೆ ಇರುತ್ತಲ್ಲ, ಸಹಾಯದ ಅನೌನ್ಸ್‌ಮೆಂಟ್ ಒಂದೇ ಪೂಜೇಲಿ ಮಾಡಿದ್ರೆ ಬೇಕಾದವರ ಕಿವಿಗೆ ಅದು ಬೀಳೋದೇ ಇಲ್ಲ, ದಯವಿಟ್ಟು ಎಲ್ಲಾ ಪೂಜೇಲೂ ಹೇಳ್ಸಿ.

ಮನೇಲಿ ಒಂದು ಡಬ್ಬಿ ಇಡಿ, ಆಗಮನ ಕಾಲದ ನಾಲ್ಕು ಮೇಣದಬತ್ತಿ ಜೋಡಿಸೋ ಚಕ್ರದ ಪಕ್ಕದಲ್ಲೇ. ಮೂರು ನೇರಳೆ, ಒಂದು ಗುಲಾಬಿ ಬತ್ತಿ, ಗುಲಾಬಿ ಮೂರನೇ ಭಾನುವಾರಕ್ಕೆ. ಸಂಜೆ ಜಪಸರ ಆದ್ಮೇಲೆ ಅವತ್ತು ಏನು ಬಿಟ್ಟಿರೋ ಅದರ ದುಡ್ಡು ಡಬ್ಬಿಗೆ, ಸ್ವಿಗ್ಗಿ ಆರ್ಡರ್ ಬಿಟ್ರೆ 300, ಆಟೋ ಬದಲು ಬಸ್ಸು ಹತ್ತಿದ್ರೆ 80, ಹೀಗೆ. ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿರೋದು ಹುಲ್ಲಿನ ಲೆಕ್ಕ. ಗೋದಲಿಗೆ, ಅಂದ್ರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ ಅಂತ ಹುಲ್ಲು ತಂದಿರ್ತೀರಲ್ಲ, ಒಂದು ಒಳ್ಳೆ ಕೆಲಸಕ್ಕೆ ಒಂದು ಹುಲ್ಲುಕಡ್ಡಿ ಬಾಲಯೇಸುವಿನ ತೊಟ್ಟಿಲಿಗೆ, 24ಕ್ಕೆ ತೊಟ್ಟಿಲು ಮೆತ್ತಗಿರ್ಬೇಕು ಅಂತ ಹೇಳಿದ್ರೆ ನಮ್ಮನೆ ಚಿಕ್ಕದು ಅಣ್ಣನ ಶೂ ಒರೆಸಿ ಬಂದು ಕಡ್ಡಿ ಕೇಳ್ತಿತ್ತು. ಗೋದಲಿಗೆ ರಾಗಿ ಮೊಳಕೆ ಹಾಕೋ ಅಭ್ಯಾಸ ಇದ್ರೆ ಹತ್ತು ಹನ್ನೆರಡು ದಿನ ಮುಂಚೆ ತಟ್ಟೇಲಿ ಮಣ್ಣು ಹರಡಿ ಬಿತ್ತಿ, ಅದೂ ಕೊನೆ ಗಳಿಗೆಲಿ ಆಗೋ ಕೆಲಸ ಅಲ್ಲ.

ಎರಡನೇ ವಾರ ಸಾಮಾನು. ರೇಷನ್ ಕಿಟ್ ಅಂದ್ರೆ ಎಲ್ರೂ ಮೊದಲು ಅಕ್ಕಿ ಮೂಟೆ ಅಂತಾರೆ, ಆದ್ರೆ ಬಿಪಿಎಲ್ ಕಾರ್ಡ್ ಇರೋ ಮನೆಗೆ ಅನ್ನಭಾಗ್ಯದ ಅಕ್ಕಿ ಬರುತ್ತೆ. ಕೈ ಕಚ್ಚೋದು ಬೇಳೆ, ಎಣ್ಣೆ, ಟೀಪುಡಿ, ಸಕ್ಕರೆ, ಸೋಪು, ಹೆಣ್ಮಕ್ಕಳಿದ್ರೆ ಪ್ಯಾಡು. ಕಾರ್ಡೇ ಇಲ್ಲದವರು, ಊರಿಂದ ಬಂದು ಬಿಲ್ಡಿಂಗ್ ಕೆಲಸದ ಶೆಡ್‌ನಲ್ಲಿ ಇರೋರು, ಅವರಿಗೆ ಅಕ್ಕಿ ಕೊಡಿ. ಹಬ್ಬದ ರುಚಿಗೆ ಅಂತ ಬೆಲ್ಲ, ರವೆ, ಒಂದಿಷ್ಟು ದ್ರಾಕ್ಷಿ ಗೋಡಂಬಿ ಸೇರಿಸಿ. ಅವರ ಮನೇಲೂ ಕಜ್ಜಾಯ ಕರೀಲಿ, ಪಕ್ಕದ ಮನೆಗೆ ತಟ್ಟೆ ಕಳಿಸೋ ಸಂತೋಷ ಅವರಿಗೂ ಸಿಗಲಿ, ನಾವು ಕರಿದ ತಿಂಡಿ ಡಬ್ಬಿ ಕೊಡೋದಕ್ಕಿಂತ ಅದೇ ಎಷ್ಟೋ ಮೇಲು.

ಹೊದಿಕೆ ಬೇಡ ಅಂತಲ್ಲ, ಡಿಸೆಂಬರ್ ಚಳಿಗೆ ಮಾರ್ಕೆಟ್ ಹತ್ರ, ಬಸ್‌ಸ್ಟ್ಯಾಂಡ್ ಹತ್ರ ರಾತ್ರಿ ಅಂಗಡಿ ಬಾಗಿಲಲ್ಲಿ ಮಲಗಿರೋರಿಗೆ ಬೇಕೇ ಬೇಕು. ಚಿಕ್ಕಪೇಟೆ ಹೋಲ್‌ಸೇಲ್ ಅಂಗಡಿಗಳಲ್ಲಿ ಡಜನ್ ಲೆಕ್ಕದಲ್ಲಿ ತಗೊಂಡ್ರೆ ಕಮ್ಮಿಗೆ ಬರುತ್ತೆ, ರಾತ್ರಿ ಹತ್ತರ ಮೇಲೆ ಇಬ್ಬರು ಮೂವರು ಸೇರಿ ಹೋಗಿ. ಹಳೆ ಬಟ್ಟೆ ಕೊಡೋದಾದ್ರೆ ಒಗೆದು, ಗುಂಡಿ ಹಾಕಿ, ಇಸ್ತ್ರಿ ಮಾಡಿ ಕೊಡಿ, ನೀವು ನೆಂಟರ ಮುಂದೆ ಹಾಕ್ಕೊಳ್ಳಲಾರದ ಬಟ್ಟೆ ಬೇರೆಯವರಿಗೂ ಬೇಡ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ ಅಂತ ಸ್ನಾನಿಕ ಯೊವಾನ್ನ ಹೇಳಿದ್ದು ಬೈಬಲ್‌ನ ಲೂಕನ ಶುಭಸಂದೇಶದಲ್ಲಿದೆ, ಹರಿದ ಅಂಗಿ ಅಂತ ಎಲ್ಲೂ ಇಲ್ಲ.

ಮಾತ್ರೆ ಕೊಡಿಸೋದಾದ್ರೆ ಡಾಕ್ಟರ್ ಚೀಟಿ ಫೋಟೋ ತಗೊಂಡು ಮೊದಲು ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ, ಬಿಪಿ ಶುಗರ್ ಮಾತ್ರೆ ಅಲ್ಲಿ ತುಂಬಾ ಅಗ್ಗ, ಒಂದು ಕೇಕಿನ ದುಡ್ಡಲ್ಲಿ ಎಷ್ಟೋ ದಿನ ಬರುತ್ತೆ.

ಆಶ್ರಮಗಳಿಗೆ ಹೋಗೋರು ಫೋನ್ ಮಾಡದೆ ಹೋಗ್ಬೇಡಿ. ಹೊಸೂರು ರೋಡಲ್ಲಿ ಲಿಟಲ್ ಸಿಸ್ಟರ್ಸ್ ಆಫ್ ದ ಪೂರ್ ವೃದ್ಧಾಶ್ರಮ ಇದೆ, ಆ ಸಿಸ್ಟರ್‌ಗಳ ಸಭೆ ಕಟ್ಟಿದ ಸಂತ ಜಾನ್ ಜುಗಾನ್ ಅನ್ನೋ ಹೆಣ್ಣುಮಗಳು ಫ್ರಾನ್ಸ್‌ನಲ್ಲಿ ಕೈಲಿ ಬುಟ್ಟಿ ಹಿಡ್ಕೊಂಡು ಮನೆಮನೆ ಬೇಡಿ ಮುದುಕರನ್ನ ಸಾಕಿದವರು, ಇವತ್ತಿಗೂ ಅವರು ಜನ ಕೊಟ್ಟಿದ್ರಲ್ಲೇ ನಡೆಸೋದು. ಮಾಗಡಿ ರೋಡಲ್ಲಿ ಕುಷ್ಠರೋಗದವರಿಗೆ ಅಂತ ಶುರುವಾದ ಸುಮನಹಳ್ಳಿ ಇದೆ. ಇಂಥ ಕಡೆಗೆಲ್ಲಾ ಫೋನ್ ಮಾಡಿ ಕ್ರಿಸ್ಮಸ್ ವಾರ ಬಿಟ್ಟು ಜನವರಿ, ಫೆಬ್ರವರಿಯಲ್ಲಿ ಯಾವ ದಿನದ ಊಟಕ್ಕೆ ಯಾರೂ ಬರೆಸಿಲ್ಲ ಅಂತ ಕೇಳಿ ಆ ದಿನ ಬರೆಸಿ, ಏನು ತರ್ಲಿ ಅಂತನೂ ಕೇಳಿ, ಕೆಲವು ಸಲ ಊಟಕ್ಕಿಂತ ಅಡಲ್ಟ್ ಡೈಪರ್, ಫಿನಾಯಿಲ್ ಬೇಕಾಗಿರುತ್ತೆ. ಮಕ್ಕಳ ಆಶ್ರಮ ಆದ್ರೆ ಮಕ್ಕಳ ಮುಖ ಕಾಣೋ ಫೋಟೋ ಸ್ಟೇಟಸ್‌ಗೆ ಹಾಕ್ಬೇಡಿ, ಬಾಲನ್ಯಾಯ ಕಾಯ್ದೆ ಪ್ರಕಾರ ಅವರ ಗುರುತು ಬಯಲು ಮಾಡೋದು ತಪ್ಪು. ದೊಡ್ಡೋರದ್ದೂ ಬೇಡ, ಕಿಟ್ ಇಸ್ಕೊಳ್ಳೋ ಕೈ ಯಾರದು ಅಂತ ಊರಿಗೆಲ್ಲಾ ಗೊತ್ತಾಗೋದು ಯಾಕೆ.

ದುಡ್ಡಿನ ವಿಷಯ ಬೇಗ ಹೇಳ್ಬಿಡ್ತೀನಿ. ಯುಪಿಐ ಮಾಡೋವಾಗ ಕ್ಯೂಆರ್ ಕೋಡಲ್ಲಿ ಚರ್ಚು ಅಥವಾ ಸಂಸ್ಥೆ ಹೆಸರು ಬರ್ತಿದ್ಯಾ ನೋಡಿ, ಯಾರದ್ದೋ ಪರ್ಸನಲ್ ಅಕೌಂಟ್ ಆದ್ರೆ ಆಫೀಸಲ್ಲಿ ವಿಚಾರಿಸಿ. ಟ್ಯಾಕ್ಸ್ ವಿನಾಯಿತಿಗೆ 80ಜಿ ರಶೀದಿ ಬೇಕಾದ್ರೆ ಮೊದಲೇ ಕೇಳಿ, ಎಲ್ಲಾ ಕಾಣಿಕೆಗೂ ಅದು ಸಿಗಲ್ಲ, 2,000 ರೂಪಾಯಿಗಿಂತ ಜಾಸ್ತಿ ಕ್ಯಾಶ್ ಕೊಟ್ರೆ ವಿನಾಯಿತಿ ಇಲ್ಲ, ಹೊಸ ಟ್ಯಾಕ್ಸ್ ರೆಜೀಮ್‌ನಲ್ಲಿ ಇರೋರಿಗೂ ಇಲ್ಲ. ಕವರ್ ಮೇಲೆ "ಮಕ್ಕಳ ಫೀಸಿಗೆ", "ಔಷಧಿಗೆ" ಅಂತ ಬರೆದು ಕೊಡಿ. ಒಂದು ಉದ್ದೇಶಕ್ಕೆ ಅಂತ ಕೊಟ್ಟ ಕಾಣಿಕೆ ಅದಕ್ಕೇ ಬಳಸ್ಬೇಕು ಅಂತ ಕಥೋಲಿಕ ಧರ್ಮಸಭೆಯ ಕಾನೂನಲ್ಲೇ ಇದೆ, 1267ನೇ ನಿಯಮ. ಕ್ಯಾರಲ್ಸ್‌ಗೆ ಹೋಗೋ ಯೂತ್‌ನವರೂ ಇದನ್ನ ಮನಸ್ಸಲ್ಲಿಟ್ಕೊಳ್ಳಿ, ಕಲೆಕ್ಷನ್ ಯಾವುದಕ್ಕೆ ಅಂತ ಪ್ರತಿ ಮನೆಲೂ ಹಾಡೋಕ್ ಮುಂಚೆ ಹೇಳಿ, ಹಬ್ಬ ಆದ್ಮೇಲೆ ಲೆಕ್ಕ ನೋಟಿಸ್ ಬೋರ್ಡಿಗೆ ಅಂಟಿಸಿ.

ಫಾದರ್ ಹತ್ರ ತಪ್ಪು ಒಪ್ಪಿಕೊಳ್ಳೋ ಪಾಪನಿವೇದನೆಗೂ ಕೊನೆ ದಿನದ ಕ್ಯೂ ಬೇಡ, ಮೂರನೇ ವಾರದೊಳಗೆ ಮುಗಿಸಿದ್ರೆ ಮನಸ್ಸು ಹಗುರ ಮಾಡ್ಕೊಂಡು ಸಹಾಯ ಬೇಕಾದ ಆ ಮನೆಗಳಿಗೆ ಹೋಗಬಹುದು. ಹೋದಾಗ ಬಾಗಿಲಲ್ಲೇ ಕೊಟ್ಟು ಬರಬೇಡಿ, ಕೂತ್ಕೊಳ್ಳಿ, ಟೀ ಕೊಟ್ರೆ ಕುಡೀರಿ, ಅವರ ಗೋದಲಿ ನೋಡಿ.

ಮತ್ತೆ ಇದನ್ನ ಓದ್ತಿರೋರಲ್ಲಿ ಈ ವರ್ಷ ನಿಮಗೇ ಕಷ್ಟ ಇದ್ರೆ, ಕೆಲಸ ಹೋಗಿದ್ರೆ, ಆಸ್ಪತ್ರೆ ಬಿಲ್ ಕಟ್ಟಿ ಕೈ ಖಾಲಿ ಆಗಿದ್ರೆ, ಸಂಕೋಚ ಪಡಬೇಡಿ ಪ್ಲೀಸ್. ವಾರದ ದಿನ ಬೆಳಗಿನ ಪೂಜೆಗೆ ಬಂದು, ಜನ ಕಮ್ಮಿ ಇರ್ತಾರೆ, ಫಾದರ್ ಹತ್ರ ಎರಡು ನಿಮಿಷ ಮಾತಾಡಿ, ಇಲ್ಲಾ ಎಸ್‌ವಿಪಿಯವರಿಗೆ ಒಂದು ಮಾತು ಹೇಳಿ. ಸಂಜೆ ಮನೆಗೆ ಬರ್ತಾರೆ, ಬಾಗಿಲು ಹಾಕ್ಕೊಂಡು ಮಾತಾಡ್ತಾರೆ, ಹೆಸರು ಪೂಜೇಲಿ ಓದಲ್ಲ.